ಇಪ್ಪತ್ತೇಳು ಪೂರ್ವಜರು ಮತ್ತು ಬತ್ಮಾ

ಏಳು ತಲೆಮಾರಿನ ತಂದೆಯರ ಹೆಸರು ಹೇಳಲಾರದ ಕಿರ್ಗಿಜನನ್ನು ಗುಲಾಮ ಅನ್ನುತ್ತಾರೆ. ನಾರಿನ್ ಕಣಿವೆಯ ಸಾತಿಬಾಲ್ದಿ ಮುದುಕ ಏಳಕ್ಕೆ ನಿಲ್ಲುವ ಆಸಾಮಿಯೇ? ಒಂದೇ ಉಸಿರಿಗೆ ಇಪ್ಪತ್ತೇಳು ಹೇಳುತ್ತಿದ್ದ. ಅಷ್ಟರಲ್ಲಿ ಒಲೆಯ ಮೇಲಿನ ಕುರಿ ಬೆಂದು, ಎಲುಬು ಕರಗಿ, ಪಾತ್ರೆಯೂ ಅರ್ಧ ಸವೆದಿರುತ್ತಿತ್ತು. ನಂಬದವರು ಹೋಗಿ ಪಾತ್ರೆ ನೋಡಬಹುದು. ಅವನ ಪೂರ್ವಜರಲ್ಲಿ ಕಾಯಿಲೆಯಿಂದ ಸತ್ತವನು ಒಬ್ಬನೂ ಇಲ್ಲ. ಒಬ್ಬನನ್ನು ತೋಳ ತಿಂದಿತು. ಅರಗಿಸಿಕೊಳ್ಳಲಾಗದೆ ತೋಳವೇ ಸತ್ತಿತು.

ಹೋದ ವರ್ಷ ಹಿರಿಯ ಮೊಮ್ಮಗಳು ಬೆಗಾಯಿಮಳ ಕೆನ್ನೆಗಳಲ್ಲಿ ಕೆಂಪು ಹರಡಿ, ಗೆಣ್ಣುಗಳು ಊದಿಕೊಂಡಾಗ, ವಂಶದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು ಡಾಕ್ಟರ್ ಗುಲ್ಜಾದಾ ಕೇಳಿದ್ದಳು. ಮುದುಕ ಇಪ್ಪತ್ತೇಳನ್ನೂ ಒಪ್ಪಿಸಿದ. ರಕ್ತವನ್ನು ಪರೀಕ್ಷೆಗೆ ರಾಜಧಾನಿ ಬಿಷ್ಕೆಕ್‌ಗೆ ಕಳಿಸೋಣವೆಂದರೆ, "ನಮ್ಮ ಎಲುಬಿಗೆ, ನಮ್ಮ ವಂಶಕ್ಕೆ ಕಲೆಯಿಲ್ಲ ಕಣಮ್ಮ. ಹುಡುಗಿಗೆ ಬರೋ ಗಂಡು ತಪ್ಪಿಸ್ಬೇಡ," ಎಂದು ಮೊಮ್ಮಗಳನ್ನು ಎಬ್ಬಿಸಿಕೊಂಡು ಹೊರಟಿದ್ದ. ಹಿಮ ಕರಗುವಷ್ಟರಲ್ಲಿ ಬೆಗಾಯಿಮಳ ಮೂತ್ರಪಿಂಡಗಳು ಕೈಕೊಟ್ಟವು. ಗುಡ್ಡದ ಮೇಲೆ ಮಣ್ಣು ಮಾಡಿದರು.

ಈಗ ಅವಳ ತಂಗಿ ಸೆಜಿಮ್. ಹದಿಮೂರು ವರ್ಷ, ಬೆಳಿಗ್ಗೆ ಬೆರಳು ಮಡಚಲಾಗುವುದಿಲ್ಲ. ಸೊಸೆ ಜಿಪಾರ್ ಮಗಳನ್ನು ಡಾಕ್ಟರ್ ಬಳಿಗೆ ಕರೆತಂದಳು. ಮುದುಕನೂ ಬಿಳಿ ಟೋಪಿ ಏರಿಸಿಕೊಂಡು ಹಿಂದೆಯೇ ಬಂದ.

"ಅಜ್ಜಾ, ಈ ಸಲ ಗಂಡಸರ ಪಟ್ಟಿ ಬೇಡ," ಎಂದಳು ಗುಲ್ಜಾದಾ. "ಮೈ ಕಾಯ್ಬೇಕಾದ ಪ್ರತಿಕಾಯಗಳೇ ಮೈಯನ್ನ ಕಡೀತಿರೋ ಹಾಗಿದೆ. ಅವುಗಳಲ್ಲಿ ಎಷ್ಟೋ ಜಾತಿ. ಒಂದು ಕೀಲಿಗೆ ಬೀಳುತ್ತೆ, ಇನ್ನೊಂದು ಮೂತ್ರಪಿಂಡಕ್ಕೆ. ಆ ಗುಣ ವಂಶದಲ್ಲಿ ಇಳಿದು ಬರಬಹುದು. ಗಂಡಸರು ಸುಮ್ನೆ ದಾಟಿಸಿಬಿಡ್ತಾರೆ, ನರಳೋರು ಹೆಚ್ಚಾಗಿ ಹೆಂಗಸರು. ನಿಮ್ಮನೆ ಹೆಂಗಸರ ಹೆಸರು ಹೇಳಿ."

"ಹೆಂಗಸರನ್ನ ಯಾರು ಎಣಿಸ್ತಾರೆ? ಬೇರೆ ಮನೆಗೆ ಹೋಗೋರು. ಕಾಯಿಲೆ ಬಂದಿದ್ರೆ ಇವಳ ತವರಿಂದ ಬಂದಿರ್ಬೇಕು."

ಜಿಪಾರ್ ತಲೆ ತಗ್ಗಿಸಿದಳು. ಇಪ್ಪತ್ತು ವರ್ಷಗಳಲ್ಲಿ ಅವಳು ಮಾವನೆದುರು ದನಿಯೆತ್ತಿದವಳಲ್ಲ.

"ಬೇರೆ ಮನೆಗೆ ಹೋಗೋ ಮೊದಲೇ ಸತ್ತೋರು?" ಎಂದಳು ಡಾಕ್ಟರ್.

ಮುದುಕ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಸೆಜಿಮ್ ಬೆರಳುಗಳನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

"ಬತ್ಮಾ," ಎಂದ. "ನನ್ನಕ್ಕ. ಹತ್ತೊಂಬತ್ತಕ್ಕೇ ಹೋದಳು. ಮುಖ ಕೆಂಪಾಗಿತ್ತು, ಹುಲ್ಲುಗಾವಲಿನ ಬಿಸಿಲು ಅಂದ್ಕೊಂಡ್ವಿ. ಆಮೇಲೆ ಕಾಲು ಊದ್ತು... ಅವಳ ಬೂಟನ್ನ ನಾನೇ ಸೀಳಿ ತೆಗೆದೆ."

ಗುಲ್ಜಾದಾ ಬರೆದುಕೊಂಡು, ಸೆಜಿಮಳ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. "ಬೇಗ ಬಂದಿದೀರಿ. ಮೂತ್ರಪಿಂಡ ಉಳಿಸ್ಕೋಬಹುದು."

"ಮಾವಾ," ಎಂದಳು ಜಿಪಾರ್, ತಲೆಯೆತ್ತದೆಯೇ. "ಹೋದ ವರ್ಷಾನೂ ಈ ಹೆಸರು ನೆನಪಿತ್ತಾ?"

ಜೀವಮಾನವಿಡೀ ಸುಳ್ಳನ್ನು ನೀರು ಕುಡಿದ ಹಾಗೆ ಹೇಳಿದವನಿಗೆ ಆಗ ಒಂದೂ ಒದಗಲಿಲ್ಲ.

"ಇತ್ತು," ಎಂದ.

ಸೂಜಿ ಕಂಡು ಸೆಜಿಮ್ ಅಜ್ಜನ ಕೈ ಹಿಡಿದುಕೊಂಡಳು. ಜಿಪಾರ್ ಆ ಊದಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತನ್ನ ಕೈಯಲ್ಲಿ ಇಟ್ಟುಕೊಂಡಳು.