ನಾಲ್ಕು ಕಾರಿನಷ್ಟು ಅಂತರ

ಓವೊಸೊ ಊರಿನ ಗ್ರಂಥಾಲಯದಿಂದ ಕಾಗದ ಬಂದ ದಿನದಿಂದ ನಾರ್ಬರ್ಟ್ ಪೀಲನಿಗೆ ಊಟ ಸೇರುತ್ತಿರಲಿಲ್ಲ. ಕಾಗದದಲ್ಲಿ ಕೆಟ್ಟ ಸುದ್ದಿಯೇನೂ ಇರಲಿಲ್ಲ. ಹಾಲ್‌ಬ್ರೂಕ್ ಮೋಟಾರು ಕಂಪನಿ ಮುಚ್ಚಿಹೋಗಿ ಮೂವತ್ತು ವರ್ಷವಾಗಿತ್ತು. ಅದರ ಹಳೆಯ ಪ್ರಚಾರದ ಫಿಲ್ಮುಗಳು ಯಾರದೋ ಗ್ಯಾರೇಜಿನಲ್ಲಿ ಸಿಕ್ಕಿವೆ, ಬರುವ ಶನಿವಾರ ಮಧ್ಯಾಹ್ನ ತೋರಿಸುತ್ತೇವೆ, ಅರವತ್ತೊಂಬತ್ತರ ಫಿಲ್ಮಿನಲ್ಲಿ ಕಾರು ಓಡಿಸಿದ ನೀವೂ ನಿಮ್ಮ ಭಾವಮೈದುನ ಡೆಲ್ಮರ್ ಕುಕ್ ಅವರೂ ತಪ್ಪದೆ ಬರಬೇಕು ಎಂದು ಟೆಸ್ ಎಂಬ ಗ್ರಂಥಪಾಲಕಿ ಬರೆದಿದ್ದಳು.

"ನನಗೆ ಮಂಡಿನೋವು," ಎಂದ ನಾರ್ಬರ್ಟ್.

"ಫಿಲ್ಮನ್ನ ಮಂಡೀಲಿ ನೋಡ್ತೀಯಾ?" ಎಂದಳು ಹೆಂಡತಿ ಐರೀನ್. "ಡೆಲ್ ಆಗಲೇ ಹೊಸ ಷರಟು ತಗೊಂಡಾಯ್ತಂತೆ. ನೀನು ಬರಲ್ಲ ಅಂದ್ರೆ ನಾನೇ ಅವನ ಜೊತೆ ಹೋಗ್ತೀನಿ."

ನಾರ್ಬರ್ಟ್ ಕಾಗದ ಮಡಚಿ ಜೇಬಿಗಿಟ್ಟ. ನಲವತ್ತಮೂರು ವರ್ಷ ಯಾರಿಗೂ ಹೇಳದ ಒಂದು ಸಂಗತಿ ಆ ಫಿಲ್ಮಿನಲ್ಲಿತ್ತು.

ಆಗ ಅವನಿಗೆ ಇಪ್ಪತ್ತೇಳು. ಹಾಲ್‌ಬ್ರೂಕ್ ಕಂಪನಿಯ ಪರೀಕ್ಷಾ ರಸ್ತೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೊಸ ಕಾರುಗಳನ್ನು ಓಡಿಸುವುದು ಅವನ ಕೆಲಸ. ಐರೀನಳ ತಮ್ಮ ಡೆಲ್ಮರನೇ ಹೇಳಿ ಕೊಡಿಸಿದ ಕೆಲಸವದು. ಡೆಲ್ಮರನದು ಕಾಯಂ ಹುದ್ದೆ, ನಾರ್ಬರ್ಟನದು ತಾತ್ಕಾಲಿಕ. ಐರೀನಳಿಗೆ ಏಳು ತಿಂಗಳು. ಆ ಜುಲೈಯಲ್ಲಿ ಡೆಟ್ರಾಯಿಟಿನಿಂದ ಫಿಲ್ಮಿನವರು ಬಂದರು. ಸಿನಿಮಾ ಮಂದಿರಕ್ಕಾಗಿ ಮಾಡುವ ಫಿಲ್ಮಲ್ಲ. ಊರೂರಿನ ಷೋರೂಮುಗಳಲ್ಲಿ ಕಾರು ಮಾರುವವರನ್ನು ಕೂರಿಸಿ, ನಮ್ಮ ಕಾರು ಯಾಕೆ ಮೇಲು, ಎದುರು ಕಂಪನಿಯದು ಯಾಕೆ ಕೀಳು ಎಂದು ಪಾಠ ಹೇಳುವ ಇಪ್ಪತ್ತು ನಿಮಿಷದ ಫಿಲ್ಮು. ಹಾಲ್‌ಬ್ರೂಕಿನದು ಹಳದಿ ಬಣ್ಣದ ಸ್ಟ್ಯಾಲಿಯನ್. ಗಂಟೆಗೊಮ್ಮೆ ಅದನ್ನು ತೊಳೆದು ಒರೆಸುತ್ತಿದ್ದರು. ಎದುರು ಕಂಪನಿಯ ಬ್ರಿಗೇಡಿಯರ್ ಕೆಸರಿನಂಥ ಹಸಿರು. ಅದರ ಧೂಳನ್ನು ಯಾರೂ ಮುಟ್ಟಬಾರದೆಂದು ಅಪ್ಪಣೆಯಾಗಿತ್ತು.

ಕೊನೆಯ ದಿನ ಕಾಲು ಮೈಲಿಯ ಓಟ. ಸ್ಟ್ಯಾಲಿಯನ್ ಡೆಲ್ಮರನಿಗೆ, ಬ್ರಿಗೇಡಿಯರ್ ನಾರ್ಬರ್ಟನಿಗೆ. ಬೆಳಿಗ್ಗೆ ಎರಡು ಸಲ ಓಡಿಸಿದರು. ಎರಡೂ ಸಲ ಹಸಿರು ಕಾರು ಒಂದು ಕಾರಿನಷ್ಟು ಮುಂದೆ ಬಂತು. ಫಿಲ್ಮಿನ ಯಜಮಾನ ಹ್ಯಾಸ್ಕೆಲ್ ಮುಖ ಹುಳ್ಳಗೆ ಮಾಡಿಕೊಂಡು ಎಲ್ಲರನ್ನೂ ಊಟಕ್ಕೆ ಕಳಿಸಿದ. ಊಟದ ನಂತರ ನಾರ್ಬರ್ಟನ ಹೆಗಲ ಮೇಲೆ ಕೈಹಾಕಿ ಗೋಡೆಯ ಮರೆಗೆ ಕರೆದೊಯ್ದ.

"ಮನೆಯವರು ತುಂಬಿದ ಬಸುರಿಯಂತೆ. ನೀನು ಕಾಯಂ ಆಗ್ಬೇಕಂತೆ. ಎರಡರಿಂದ ಮೂರನೇ ಗೇರಿಗೆ ಹೋಗ್ತೀಯಲ್ಲ, ಅಲ್ಲೊಂಚೂರು ಉಸಿರು ತಗೋ. ಅಷ್ಟೇ. ನಾನು ಮೇಲಿನವರ ಕಿವೀಲಿ ನಿನ್ನ ಹೆಸರು ಹಾಕ್ತೀನಿ."

ನಾರ್ಬರ್ಟ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆದರೆ ಮೂರನೆಯ ಓಟದಲ್ಲಿ ಎರಡರಿಂದ ಮೂರಕ್ಕೆ ಹೋಗುವಾಗ ಅವನ ಕಾಲು ಕ್ಲಚ್ಚಿನ ಮೇಲೆ ಒಂದು ಗಳಿಗೆ ಹೆಚ್ಚು ನಿಂತಿತು. ಹಳದಿ ಕಾರು ಗೆದ್ದಿತು. ಹೆಚ್ಚೆಂದರೆ ಒಂದು ಕಾರಿನಷ್ಟು ಹಿಂದೆ ಬೀಳುತ್ತೇನೆ ಎಂದುಕೊಂಡಿದ್ದವನು ಬರೋಬ್ಬರಿ ನಾಲ್ಕು ಕಾರಿನಷ್ಟು ಹಿಂದೆ ಬಿದ್ದಿದ್ದ. ಅದೇ ಅವನನ್ನು ವರ್ಷಗಟ್ಟಲೆ ಕೊರೆಯಿತು. ಕೇಳಿದ್ದಕ್ಕಿಂತ ಹೆಚ್ಚು ಸೋತುಕೊಟ್ಟೆನೇ? ನನ್ನೊಳಗೆ ಅಷ್ಟು ಭಯವಿತ್ತೇ? ಮುಂದಿನ ತಿಂಗಳು ಅವನು ಕಾಯಂ ಆದ. ಮಗಳು ಹುಟ್ಟಿದಳು. ಆ ಫಿಲ್ಮನ್ನು ಓಟಗಾರರಿಗೆ ಯಾರೂ ತೋರಿಸಲಿಲ್ಲ.

ಡೆಲ್ಮರ್ ಮಾತ್ರ ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಕ್ಕನ ಮನೆಗೆ ಬಂದು, ಬೇಯಿಸಿದ ಟರ್ಕಿ ಕೋಳಿ ಕೊಯ್ಯುವ ಹೊತ್ತಿಗೆ ಅದೇ ಮಾತು ತೆಗೆಯುತ್ತಿದ್ದ: "ಭಾವನಿಗೆ ತೊಡೆ ಹಾಕಕ್ಕಾ. ನಾಲ್ಕು ಕಾರಿನಷ್ಟು ಹಿಂದೆ ಬಿದ್ದೋನು, ಶಕ್ತಿ ಬರಲಿ!" ಮಕ್ಕಳೆಲ್ಲ ನಗುತ್ತಿದ್ದರು. ನಾರ್ಬರ್ಟನೂ ನಗುತ್ತಿದ್ದ. ಭಾವಮೈದುನನ ಆ ಒಂದು ಗೆಲುವನ್ನು ಕಿತ್ತುಕೊಳ್ಳುವುದು ಹೇಗೆ? ತಾನು ಹಿಡಿದ ಕೆಲಸವೂ ಅವನು ಕೊಡಿಸಿದ್ದೇ.

ಶನಿವಾರ ಗ್ರಂಥಾಲಯದ ಹಿಂದಿನ ಬಯಲಿನಲ್ಲಿ ಹಳೆಯ ಕಾರುಗಳು ಸಾಲಾಗಿ ನಿಂತಿದ್ದವು. ಒಳಗೆ ಅರವತ್ತು ಎಪ್ಪತ್ತು ಜನ, ಹೆಚ್ಚಿನವರು ಕಾರುಗಳ ಒಡೆಯರು. ಮೂಲೆಯ ಮೇಜಿನ ಮೇಲೆ ರೂಬಾರ್ಬ್ ಎಂಬ ಹುಳಿದಂಟಿನ ಕಡುಬು, ಶುಂಠಿ ಸೋಡಾ. ನಾರ್ಬರ್ಟನನ್ನೂ ಡೆಲ್ಮರನನ್ನೂ ಟೆಸ್ ಮೊದಲ ಸಾಲಿನಲ್ಲಿ ಕೂರಿಸಿದಳು. ಡೆಲ್ಮರನ ಹೊಸ ಷರಟಿನ ಮಡಿಕೆ ಇನ್ನೂ ಹೋಗಿರಲಿಲ್ಲ. ಎಂದಿನ ಬಾಯಿಬಡುಕ ಅಂದು ಯಾಕೋ ತುಟಿ ಬಿಚ್ಚಿರಲಿಲ್ಲ.

ದೀಪ ಆರಿತು. ಬಣ್ಣವೆಲ್ಲ ಕೆಂಪಿಗೆ ತಿರುಗಿದ್ದ ಫಿಲ್ಮಿನಲ್ಲಿ ಬಿಳಿ ಕೈಗವಸಿನ ಹೆಂಗಸೊಬ್ಬಳು ಎರಡೂ ಕಾರುಗಳ ಡಿಕ್ಕಿಗೆ ಸೂಟ್‌ಕೇಸು ತುಂಬಿದಳು; ಬ್ರಿಗೇಡಿಯರಿನ ಡಿಕ್ಕಿಗೆ ಮೂರನೆಯದು ಹಿಡಿಯಲಿಲ್ಲ. "ಅಯ್ಯೋ ಪಾಪ!" ಎಂದಿತು ಫಿಲ್ಮಿನ ನಿರೂಪಕನ ಧ್ವನಿ. "ಅಡ್ಡಡ್ಡ ಇಟ್ರೆ ಎಲ್ಲಿ ಹಿಡಿಯುತ್ತೆ, ಉದ್ದುದ್ದ ಇಡೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ಗೊಳ್ಳೆಂದಿತು. ಆಮೇಲೆ ಬ್ರೇಕು, ಆಮೇಲೆ ತಿರುವು, ಆಮೇಲೆ ಕಾಲು ಮೈಲಿಯ ರಸ್ತೆ. ನಾರ್ಬರ್ಟ್ ಕುರ್ಚಿಯಲ್ಲಿ ಕೆಳಕ್ಕೆ ಜಾರಿ ಕೂತ. ಮೂರನೆಯ ಗೇರಿನ ಹೊತ್ತಿಗೆ ಹಸಿರು ಕಾರಿನ ಮೂತಿ ತಗ್ಗುವುದು ಇಷ್ಟು ದೊಡ್ಡ ಪರದೆಯ ಮೇಲೆ ಯಾರಿಗೆ ಕಾಣುವುದಿಲ್ಲ?

ಸ್ಟ್ಯಾಲಿಯನ್ನಿನ ಜಿಗಿತ ಭವ್ಯವಾಗಿ ಕಾಣಲೆಂದು ಹ್ಯಾಸ್ಕೆಲ್ ಹೊರಡುವ ಚಿತ್ರವನ್ನೇ ನಿಧಾನ ಮಾಡಿ ಸೇರಿಸಿದ್ದ. ಬಾವುಟದವನು, ಹಳದಿ ಕಾರು, ಹಸಿರು ಕಾರು, ಮೂರೂ ಒಂದೇ ಚೌಕಟ್ಟಿನಲ್ಲಿದ್ದವು. ಬಾವುಟ ಇನ್ನೂ ತಲೆಯ ಮೇಲೆಯೇ ಇತ್ತು. ಹಳದಿ ಕಾರಿನ ಹಿಂಚಕ್ರ ಹೊಗೆಯಾಡಿ, ಕಾರು ಮೆಲ್ಲಗೆ, ಸಲೀಸಾಗಿ ಗೆರೆ ದಾಟಿತು. ಆಮೇಲೆ ಬಾವುಟ ಇಳಿಯಿತು. ಅದಾದ ಮೇಲೆ ಹಸಿರು ಕಾರು ಹೊರಟಿತು.

ಆ ದಿನ ನಾರ್ಬರ್ಟನ ಕಣ್ಣು ಬಾವುಟದ ಮೇಲಿತ್ತು, ಪಕ್ಕಕ್ಕೆ ನೋಡಿರಲಿಲ್ಲ. ಈಗ ನೋಡಿದ. ಡೆಲ್ಮರ್ ಪರದೆಯನ್ನು ಬಿಟ್ಟು ತನ್ನ ಬೂಟುಗಳನ್ನು ನೋಡುತ್ತ ಕೂತಿದ್ದ.

"ಡೆಲ್," ಎಂದ ನಾರ್ಬರ್ಟ್ ಮೆಲ್ಲಗೆ.

"ಬೈದುಬಿಡು ಭಾವ. ಆ ಹ್ಯಾಸ್ಕೆಲ್ ಊಟ ಆದ್ಮೇಲೆ ಕರೆದು, ಬಾವುಟ ಇಳಿಯೋ ಮುಂಚೇನೇ ಬಿಡು ಅಂದ. ಬಿಟ್ಟೆ. ಹಂಗಾದ್ರೂ ಎರಡೇ ಎರಡು ಕಾರಿನಷ್ಟು ಮುಂದೆ ಬರಬೇಕಿತ್ತು ನಾನು. ನಾಲ್ಕು ಹೆಂಗಾಯ್ತೋ ದೇವರಿಗೇ ಗೊತ್ತು. ಯಾರಾದ್ರೂ ಕೇಳೋ ಮೊದಲೇ ಜಂಬ ಕೊಚ್ಚಿಬಿಟ್ರೆ ಯಾರೂ ಕೇಳಲ್ಲ ಅಂತ, ಪ್ರತಿ ವರ್ಷ..."

"ಉಳಿದ ಎರಡು ನಂದು ಕಣೋ."

"ಏನು?"

"ನನ್ನನ್ನೂ ಕರೆದಿದ್ದ. ಮೂರನೇ ಗೇರಲ್ಲಿ ಉಸಿರು ತಗೋ ಅಂದ. ತಗೊಂಡೆ."

ಡೆಲ್ಮರ್ ಬಾಯಿ ತೆರೆದುಕೊಂಡು ಅವನನ್ನೇ ನೋಡಿದ. ಮೊದಲು ಅವನ ಹೆಗಲು ಅಲುಗಿತು, ಆಮೇಲೆ ಹೊಟ್ಟೆ. ನಾರ್ಬರ್ಟನಿಗೂ ತಡೆಯಲಾಗಲಿಲ್ಲ. ಫಿಲ್ಮಿನ ಧ್ವನಿ ಗಂಭೀರವಾಗಿ ಹಾಲ್‌ಬ್ರೂಕಿನ ಗುಣಗಾನ ಮಾಡುತ್ತಿದ್ದಾಗ ಮೊದಲ ಸಾಲಿನಲ್ಲಿ ಎಪ್ಪತ್ತರ ಆಸುಪಾಸಿನ ಇಬ್ಬರು ಮುದುಕರು ಕಣ್ಣೀರು ಬರುವಂತೆ ನಗುತ್ತಿದ್ದರು. ಎರಡನೆಯ ಸಾಲಿನಲ್ಲಿದ್ದ ಐರೀನ್ ಮುಂದೆ ಬಾಗಿದಳು.

"ಏನಾಗಿದೆ ನಿಮಗೆ? ಜನ ನೋಡ್ತಿದಾರೆ."

ಪಿಸುದನಿಯಲ್ಲಿ ಇಬ್ಬರೂ ಹೇಳಿದರು. ಕೇಳಿ ಅವಳು ಹಿಂದಕ್ಕೊರಗಿದಳು. "ಅಂದ್ರೆ ಇಷ್ಟು ವರ್ಷ ನಾನು ಟರ್ಕಿ ಬೇಯಿಸಿ ಬಡಿಸಿದ್ದು ಇಬ್ಬರು ಕಳ್ಳರಿಗೆ!"

ದೀಪ ಹೊತ್ತಿತು. ಟೆಸ್ ಮೈಕು ತಂದು, ಆ ದಿನದ ಬಗ್ಗೆ ಎರಡು ಮಾತು ಹೇಳಿ ಎಂದಳು. ನಾರ್ಬರ್ಟ್ ಏಳಲೆಂದು ಕುರ್ಚಿಯ ಕೈ ಹಿಡಿದ. ಆದರೆ ಮೊದಲು ಎದ್ದವನು ಡೆಲ್ಮರ್. ಸಭೆಯ ಮುಂದೆ ನಿಂತು ಬಾವುಟದ ಕಥೆಯನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಆಮೇಲೆ ನಾರ್ಬರ್ಟ್ ಎದ್ದು ಬೆಳಗಿನ ಎರಡು ಓಟದ ಕಥೆಯನ್ನೂ ಗೇರಿನ ಕಥೆಯನ್ನೂ ಹೇಳಿದ. ಹ್ಯಾಸ್ಕೆಲನನ್ನು ಅವನು ದೂರಲಿಲ್ಲ. "ಕಾಲು ನಂದೇ ಆಗಿತ್ತು," ಎಂದಷ್ಟೇ ಹೇಳಿದ.

ಗಡ್ಡದವನೊಬ್ಬ ಎದ್ದುನಿಂತ. ಹೊರಗೆ ಅವನ ಹಳದಿ ಸ್ಟ್ಯಾಲಿಯನ್ ಇತ್ತು. "ನಮ್ಮಪ್ಪ ಈ ಫಿಲ್ಮು ನೋಡಿ ಆರು ವರ್ಷ ಈ ಕಾರು ಮಾರಿದ," ಎಂದ. ಅವನು ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. "ಇರಲಿ ಬಿಡಿ. ಒಳ್ಳೇ ಕಾರೇ. ಒಂದು ಕಾರಿನಷ್ಟು ಹಿಂದೆ, ಅಷ್ಟೇ ತಾನೆ?"

"ಅಷ್ಟೇ," ಎಂದ ನಾರ್ಬರ್ಟ್.

ಹೊರಗೆ ಬಿಸಿಲು ಇಳಿಮುಖವಾಗಿತ್ತು. ಕಾರುಗಳ ಸಾಲಿನಲ್ಲಿ ಒಂದು ಬ್ರಿಗೇಡಿಯರೂ ಇತ್ತು. ಅದರ ಒಡತಿ, ಒಂದು ಸುತ್ತು ಓಡಿಸಿ ನೋಡಿ ಎಂದು ಕೀಲಿ ಮುಂದೆ ಹಿಡಿದಳು. ನಾರ್ಬರ್ಟ್ ಕೂತು ಕ್ಲಚ್ ಒತ್ತಿ ನೋಡಿದ, ಮಂಡಿ ಒಪ್ಪಲಿಲ್ಲ. ಓಡಿಸುವ ಆಸೆಯೂ ಅಷ್ಟೇನೂ ಇರಲಿಲ್ಲ. ಇನ್ನೊಂದು ಬಾಗಿಲು ತೆಗೆದು ಡೆಲ್ಮರ್ ಪಕ್ಕದಲ್ಲಿ ಬಂದು ಕೂತ. ಎದುರು ಕಂಪನಿಯ ಕಾರಿನೊಳಗೆ ಅವನು ಕೂತದ್ದು ಅದೇ ಮೊದಲು. ಬೆಂಚಿನಂಥ ಉದ್ದ ಸೀಟಿನ ಮೇಲೆ ಕೈಯಾಡಿಸಿದ, ಮುಂದಿನ ಗಾಜಿನಿಂದ ಆಚೆ ನೋಡಿದ.

"ಇದ್ರಲ್ಲಿ ಕೂತ್ರೆ ರಸ್ತೆ ಚೆನ್ನಾಗಿ ಕಾಣುತ್ತಲ್ಲೋ ಭಾವ."

"ಹೂಂ. ಬೆಳಗಿನ ಎರಡೂ ಓಟದಲ್ಲಿ ನೀನು ಹಿಂದೆ ಸಣ್ಣಗಾಗ್ತಾ ಹೋದದ್ದೂ ಕನ್ನಡೀಲಿ ಚೆನ್ನಾಗೇ ಕಂಡಿತ್ತು."

"ಸಾಕು ಬಿಡಪ್ಪಾ."

ಐರೀನ್ ತಟ್ಟೆಯಲ್ಲಿ ಮೂರು ತುಂಡು ಕಡುಬು ಹಿಡಿದು ಕಾರಿನ ಕಡೆ ಬರುತ್ತಿದ್ದಳು. ಬೆಳಗಿನಿಂದ ಏನೂ ತಿಂದಿರದ ನಾರ್ಬರ್ಟನಿಗೆ ಆಗ ಹೊಟ್ಟೆ ಹಸಿಯಿತು.