ನಾಲ್ಕು ಕಾಗದ, ಒಂದೇ ಕೈ

ಕುಡಿಯುತ್ತಿದ್ದವನು ತಮ್ಮ. ಆದರೆ ಫೋನ್ ಮಾಡಿದ ಕಡೆಯಲ್ಲೆಲ್ಲ ಪ್ರಶ್ನೆ ಕೇಳಿಸಿಕೊಂಡವಳು ಅಕ್ಕ.

ಮನೆಯವರಿಗೆಲ್ಲ ಅವಳು ಅಕ್ಕನೇ. ಹೆತ್ತ ಅಮ್ಮ ಕೂಡ ಹಾಗೇ ಕರೆಯುತ್ತಿದ್ದಳು. ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವಳ ಕೆಲಸ. ಪಠ್ಯಪುಸ್ತಕವಾಗಲಿ, ಔಷಧಿ ಡಬ್ಬಿಯೊಳಗಿನ ಚೀಟಿಯಾಗಲಿ, ಅಚ್ಚಿಗೆ ಹೋಗುವ ಮುಂಚೆ ಅವಳ ಕೆಂಪು ಪೆನ್ನಿನ ಕೆಳಗೆ ಹಾದುಹೋಗಲೇಬೇಕು. ಹದಿನೆಂಟು ವರ್ಷದಿಂದ ತಪ್ಪು ಹುಡುಕಿ ಹುಡುಕಿ, ಬೀದಿಯಲ್ಲಿ ಅಂಗಡಿಯ ಬೋರ್ಡನ್ನೂ ನೆಮ್ಮದಿಯಾಗಿ ಓದಲಾರದ ಸ್ಥಿತಿಗೆ ಬಂದಿದ್ದಳು.

ತಮ್ಮ ಲಿಫ್ಟ್ ಮೆಕ್ಯಾನಿಕ್. ಹೋದ ಮಂಗಳವಾರ ಏಳನೇ ಮಹಡಿಯ ಎತ್ತರದಲ್ಲಿ, ಲಿಫ್ಟಿನ ಪೆಟ್ಟಿಗೆಯ ತಲೆಯ ಮೇಲೆ ನಿಂತು ಕೆಲಸ ಮಾಡುತ್ತಿದ್ದವನು ಕಾಲು ಜಾರಿ ತೂಗಾಡಿಬಿಟ್ಟ. ಸೊಂಟದ ಬೆಲ್ಟ್ ಹಿಡಿದುಕೊಂಡಿತು. ಜೊತೆಯ ಕೆಲಸಗಾರ ಆವತ್ತೇ ಅಕ್ಕನಿಗೆ ಫೋನ್ ಮಾಡಿದ.

"ಆಫೀಸಿಗೆ ಹೇಳಿಲ್ಲ ಅಕ್ಕ. ಸ್ವಲ್ಪ ದಿನ ಮೇಲೆ ಹತ್ತೋದನ್ನ ನಾನೇ ನೋಡ್ಕೋತೀನಿ, ಅವನು ಕೆಳಗೆ ಇರ್ಲಿ. ಆದ್ರೆ ಬೆಲ್ಟಿಗೆ ದಿನಾ ಇಷ್ಟು ಒಳ್ಳೇ ಬುದ್ಧಿ ಇರತ್ತೆ ಅಂತ ಹೇಳಕ್ಕಾಗಲ್ಲ."

ಅಕ್ಕ ಹಾಳಾದ ಕರಡಿನ ಬೆನ್ನಿಗೆ ಕುಡಿತ ಬಿಡಿಸುವವರ ಮೂರು ನಂಬರು ಬರೆದುಕೊಂಡು, ಮುದ್ರಣಾಲಯದ ಹಿಂದಿನ ಮೆಟ್ಟಿಲ ಮೇಲೆ ಕೂತು ಒಂದೊಂದಾಗಿ ಒತ್ತಿದಳು. ಮೊದಲನೆಯವರು ಗಂಡಸು, ಮೆದು ದನಿ.

"ಅವರೇ ಬರ್ತಾರಾ?"

"ಅವನು ಬರೋ ಹಾಗಿದ್ರೆ ನಾನ್ಯಾಕೆ ಸರ್ ಫೋನ್ ಮಾಡ್ತಿದ್ದೆ?"

"ಅವರಿಗೇ ಅನ್ನಿಸ್ಬೇಕಮ್ಮ. ಅಲ್ಲೀವರೆಗೂ ಕಾಯಿರಿ."

ಎರಡನೆಯವರು, "ಯಾವ ಕಾರಣಕ್ಕೂ ಕಾಯ್ಬೇಡಿ," ಅಂದರು. "ಮನೆಯವರೆಲ್ಲ ಒಟ್ಟಿಗೆ ಕೂತು ಮಾತಾಡಿ. ಸುಮ್ಮನೆ ಹಾಗೇ ಶುರುಮಾಡ್ಬೇಡಿ, ಗೊತ್ತಿರೋವ್ರ ಸಹಾಯ ತಗೊಳ್ಳಿ." ಸರಿ, ಯಾವಾಗ ಬರಲಿ ಎಂದರೆ, ಏಳು ವಾರ ಜಾಗ ಇಲ್ಲ.

ಕಾಯಬೇಕೋ, ಕಾಯಬಾರದೋ? ಇಬ್ಬರೂ ಓದಿದವರೇ. ಇಬ್ಬರ ಮಾತಿನಲ್ಲೂ ತಪ್ಪು ಹಿಡಿಯುವುದಕ್ಕೆ ಏನೂ ಸಿಗಲಿಲ್ಲ. ಅದೇ ಅವಳಿಗೆ ತಲೆಬುಡ ತಿಳಿಯದೆ ಹೋದದ್ದು.

ಮೂರನೆಯ ನಂಬರು ಅವಳೇ ಹಿಂದೊಮ್ಮೆ ತಿದ್ದಿದ ಕರಪತ್ರದ್ದು. ಹುಡುಕಿಕೊಂಡು ಹೋದರೆ ಕನ್ನಡಕದ ಅಂಗಡಿಯ ಮೇಲಿನ ಒಂದು ಕೋಣೆ. ಬಾಗಿಲಲ್ಲಿ ಇಣುಕುತ್ತಿದ್ದಂತೆ ಒಳಗಿನಿಂದ ದನಿ ಬಂತು: "ಕನ್ನಡಕ ಕೆಳಗೆ."

"ಅಲ್ಲ, ನಾನು ತಮ್ಮನ ವಿಷಯಕ್ಕೆ ಬಂದೆ."

"ಹಾಗಾದ್ರೆ ಮೇಲೇನೇ. ಬನ್ನಿ."

ಐವತ್ತರ ಹತ್ತಿರದ ಹೆಂಗಸು. ಮೊದಲು ದಾದಿಯಾಗಿದ್ದವರು, ಈಗ ಆಪ್ತಸಮಾಲೋಚಕಿ. ಒಂದಕ್ಕೊಂದು ಹೊಂದದ ಐದು ಕುರ್ಚಿಗಳಲ್ಲಿ ಯಾವುದರಲ್ಲಿ ಕೂರಬೇಕೆಂದು ಅಕ್ಕ ಯೋಚಿಸುವಷ್ಟರಲ್ಲಿ ಅವರು ಕೇಳಿಬಿಟ್ಟರು.

"ಅವನು ಬರಲ್ಲ ಅಂದ್ರೆ ನೀವೇನು ಮಾಡ್ತೀರ?"

"ಅದನ್ನ ನೀವು ಹೇಳ್ತೀರ ಅಂತ ಬಂದೆ."

"ನಾನು ಹೇಳಿದ್ರೆ ಅವನ್ಯಾಕೆ ಕೇಳ್ತಾನೆ? ನಾನು ಯಾರು ಅವನಿಗೆ? ಮಾತಾಡೋವ್ರು ನೀವುಗಳು. ನಾನು ಮೂಲೇಲಿ ಕೂತಿರ್ತೀನಿ."

ಮೂಲೆಯಲ್ಲಿ ಕೂರುವುದಕ್ಕೆ ಇಷ್ಟು ಓದಬೇಕಿತ್ತೇ ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದು ನಿಂತಿತು.

ಸಮಾಲೋಚಕಿ ಹೇಳಿದ್ದು ಇಷ್ಟು. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಅವನು ಅಮಲಿನಲ್ಲಿ ಇಲ್ಲದ ಹೊತ್ತಿನಲ್ಲಿ, ಎಲ್ಲರೂ ಸೇರುವುದು. ಅಲ್ಲಿಯವರೆಗೆ ಬಾಟಲಿ ಕಿತ್ತುಕೊಳ್ಳುವುದು, ಚೆಲ್ಲುವುದು ಬೇಡ. ಒಮ್ಮೆಲೇ ನಿಂತರೆ ಫಿಟ್ಸ್ ಬರಬಹುದು, ಬಿಡಿಸುವುದು ಆಸ್ಪತ್ರೆಯಲ್ಲೇ ಆಗಬೇಕು. ಅಲ್ಲಿ ಒಂದು ಹಾಸಿಗೆ ಅವರೇ ಹಿಡಿದಿಡುತ್ತಾರೆ. ಮನೆಯ ಪ್ರತಿಯೊಬ್ಬರೂ ಅವನಿಗೊಂದು ಕಾಗದ ಬರೆದು ಆವತ್ತು ಓದಬೇಕು.

"ಏನು ನೋಡಿದ್ರಿ, ನಿಮಗೆ ಏನಾಯ್ತು, ಇನ್ಮುಂದೆ ನೀವು ಏನು ಮಾಡಲ್ಲ. ಮೂರೇ. ಶುಕ್ರವಾರ ನನಗೊಮ್ಮೆ ತೋರಿಸಿ."

ಕಾಗದ ಎಂದಾಗ ಅಕ್ಕನಿಗೆ ಮೊದಲ ಸಲ ನೆಲ ಸಿಕ್ಕಿದಂತಾಯಿತು. ಇದು ತನಗೆ ಬರುವ ಕೆಲಸ.

ಮೂರು ದಿನದಲ್ಲಿ ಕಾಗದಗಳು ಬಂದವು. ಅಮ್ಮನ ತಮ್ಮ, ಅಂದರೆ ಸೋದರಮಾವ, ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದಿದ್ದ. ಅರ್ಧ ಬೈಗುಳ, ಉಳಿದರ್ಧ ತಮಾಷೆ. ತಮ್ಮನ ಹೆಂಡತಿಯದು ಎರಡು ಪುಟ, ಎಲ್ಲೂ ಒಂದು ಪೂರ್ಣವಿರಾಮವಿಲ್ಲ. ಅಮ್ಮನದು ಪೆನ್ಸಿಲಿನಲ್ಲಿ ಅರ್ಧ ಪುಟ. ಅದರ ನಡುವೆ ಒಂದು ಸಾಲು: "ಕೆಲಸಕ್ಕೆ ಹೋಗೋ ಮುಂಚೆ ಎರಡು ಬೆರಳಷ್ಟು ನಾನೇ ಲೋಟಕ್ಕೆ ಹಾಕಿ ಕೊಡ್ತೀನಿ ಮಗಾ, ಅಷ್ಟು ಎತ್ತರದಲ್ಲಿ ನಿನ್ನ ಕೈ ನಡುಗಬಾರದಲ್ಲ."

ಅಕ್ಕ ಎರಡು ಸಲ ಓದಿದಳು. ಅಮ್ಮನಾ? ಪ್ರತಿದಿನವಾ? ಹೋಗಿ ಕೇಳಬೇಕೆನಿಸಿತು, ಕೇಳಿದರೆ ಅಮ್ಮ ಹೌದು ಅನ್ನುತ್ತಾಳೆಂಬ ಭಯವೂ ಆಯಿತು. ಇದನ್ನು ಎಲ್ಲರೆದುರು ಓದಿದರೆ ಅಮ್ಮನ ಮರ್ಯಾದೆ ಏನಾಗಬೇಕು? ವಿಚಾರಣೆಗೆ ಕೂರಿಸುತ್ತಿರುವುದು ತಮ್ಮನನ್ನೋ, ಅಮ್ಮನನ್ನೋ? ಕೆಂಪು ಗೆರೆ ಎಳೆದು ಅಂಚಿನಲ್ಲಿ "ಅನಗತ್ಯ" ಎಂದು ಬರೆದಳು. ತಮ್ಮನ ಹೆಂಡತಿಯ ಕಾಗದದಲ್ಲೂ ಒಂದು ಸಾಲು ಕಣ್ಣಿಗೆ ಚುಚ್ಚಿತು. ಅದಕ್ಕೂ ಅದೇ ಗತಿ. ಆಮೇಲೆ ಕಾಗುಣಿತ ತಿದ್ದಿ, ವಾಕ್ಯ ಬಿಡಿಸಿ, ಮಾವನ ತಮಾಷೆಗಳನ್ನು ತೆಗೆದು, ತನ್ನದನ್ನೂ ಸೇರಿಸಿ ನಾಲ್ಕನ್ನೂ ಅಚ್ಚುಕಟ್ಟಾಗಿ ಟೈಪ್ ಮಾಡಿದಳು.

ಶುಕ್ರವಾರ ಸಮಾಲೋಚಕಿ ನಾಲ್ಕನ್ನೂ ಓದಿ ಕನ್ನಡಕ ತೆಗೆದಿಟ್ಟರು.

"ಇದನ್ನ ಬರೆದದ್ದು ಒಬ್ಬರೇ."

"ಇಲ್ಲ ಮೇಡಂ, ನಾನು ತಿದ್ದಿದ್ದು ಅಷ್ಟೇ. ಕಾಗುಣಿತ, ಅದೂ ಇದೂ."

"ನಿಮ್ಮ ಮಾವನೋರು 'ನಿನ್ನ ವ್ಯಸನವು ನನ್ನನ್ನು ಕಳವಳಕ್ಕೀಡುಮಾಡಿದೆ' ಅಂತ ಮಾತಾಡ್ತಾರಾ?"

ಮಾವ ಹಾಗೆ ಮಾತಾಡಿದರೆ ಮನೆಯವರು ಅವನನ್ನೂ ಆಸ್ಪತ್ರೆಗೆ ಸೇರಿಸಿಯಾರು.

"ಮೊದಲಿನವು ಇದಾವಾ?"

ಮೂಲಪ್ರತಿಯನ್ನು ಎಸೆಯುವುದು ಅವಳ ಕಸುಬಿನಲ್ಲಿಲ್ಲ. ಚೀಲದಿಂದ ತೆಗೆದುಕೊಟ್ಟಳು. ಸಮಾಲೋಚಕಿ ಕೆಂಪು ಗೆರೆಯ ಕೆಳಗಿದ್ದುದನ್ನೇ ಹುಡುಕಿ ಓದಿದರು. ಮೊದಲು ಅಮ್ಮನದು, ಮನಸ್ಸಿನಲ್ಲಿ. ಆಮೇಲೆ ತಮ್ಮನ ಹೆಂಡತಿಯದು, ಗಟ್ಟಿಯಾಗಿ:

"'ನೀವು ಹಾಸಿಗೆಯಿಂದ ಏಳದ ದಿನ ಆಫೀಸಿಗೆ ರಜೆಚೀಟಿ ಬರೆದುಕೊಡೋದು ಅಕ್ಕ ಎಷ್ಟು ಚೆನ್ನಾಗಿ ಬರೀತಾರೆ ಅಂದ್ರೆ ಓದಿದ್ರೆ ನನಗೇ ಜ್ವರ ಬಂದ ಹಾಗಾಗತ್ತೆ.'"

ಕೆಳಗೆ ಅಂಗಡಿಯಲ್ಲಿ ಯಾರೋ ಅಕ್ಷರಗಳನ್ನು ಜೋರಾಗಿ ಓದುತ್ತಿದ್ದರು. ದೊಡ್ಡದು, ಆಮೇಲೆ ಚಿಕ್ಕದು, ಆಮೇಲೆ ತಡವರಿಕೆ.

"ಎಷ್ಟು ಚೀಟಿ ಬರ್ದಿದ್ದೀರ?"

"ಹನ್ನೊಂದು. ಒಂದರಲ್ಲಿ ಬಂದ ಕಾಯಿಲೆ ಇನ್ನೊಂದರಲ್ಲಿ ಬರದ ಹಾಗೆ." ಹೇಳಿದ ಮೇಲೆ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇದ್ದದ್ದು ಅವಳಿಗೇ ಕೇಳಿಸಿತು. "ಅವನ ಕೆಲಸ ಹೋಗಬಾರದು ಅಂತ ಮೇಡಂ."

"ನಿಮ್ಮಮ್ಮನೂ ಅದಕ್ಕೇ ಹಾಕಿಕೊಟ್ಟಿದ್ದು."

"ಹಾಗಾದ್ರೆ ತಪ್ಪು ನಮ್ಮದಾ?"

"ನಾನು ಹಾಗಂದ್ನಾ?"

"ಮತ್ತೆ ಯಾರದ್ದು?"

ಸಮಾಲೋಚಕಿ ಪೆನ್ಸಿಲಿನ ಕಾಗದವನ್ನು ಮಡಿಚಿ ಅವಳ ಕೈಗಿಟ್ಟರು. "ಅವರವರದ್ದನ್ನ ಅವರವರು ಇದ್ದ ಹಾಗೇ ಓದಲಿ. ನೀವು ನಿಮ್ಮದನ್ನ ಮಾತ್ರ ಬರ್ಕೊಂಡು ಬನ್ನಿ."

ಕಾಗದಗಳನ್ನು ಅವರವರಿಗೆ ತಲುಪಿಸಿ, ಎರಡು ದಿನ ಕೂತರೂ ಅಕ್ಕನಿಗೆ ಬರೆಯಲಾಗಿದ್ದು ಮೂರು ಸಾಲು.

ಭಾನುವಾರ ತಮ್ಮ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ನಡುಮನೆಗೆ ಬಂದ. ಅಮ್ಮ, ಹೆಂಡತಿ, ಅಕ್ಕ, ಮಾವ ಸಾಲಾಗಿ ಕೂತಿದ್ದರು. ಮೂಲೆಯ ಕುರ್ಚಿಯಲ್ಲಿ ಗುರುತಿಲ್ಲದ ಹೆಂಗಸು.

"ಇವರ್ಯಾರು?"

"ಕೂತ್ಕೋ," ಅಂದ ಮಾವ. "ನಮಗೆಲ್ಲ ಓದೋಕೆ ಬರತ್ತಾ ಅಂತ ನೋಡೋಕೆ ಬಂದಿದ್ದಾರೆ."

ಬಾಗಿಲ ಕಡೆ ನೋಡಿದ ತಮ್ಮ ಅದೇನೋ ಯೋಚಿಸಿ ಕೂತ. ಮೊದಲು ಅಮ್ಮ ಓದಿದಳು. ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ. ಲೋಟದ ಸಾಲು ಬಂದಾಗ ತಮ್ಮ ಥಟ್ಟನೆ ತಲೆ ಎತ್ತಿದ.

"ಅಮ್ಮ, ಅದನ್ನ ಯಾಕೆ ಹೇಳ್ದೆ?"

"ಇನ್ಮೇಲೆ ನನ್ನ ಕೈಯಿಂದ ಹಾಕಿಕೊಡಲ್ಲ. ಅದಕ್ಕೆ."

ಹೆಂಡತಿ ಎರಡು ಪುಟವನ್ನೂ ಉಸಿರು ತೆಗೆದುಕೊಳ್ಳದೆ ಓದಿದಳು. ಮಾವ ಬೈಗುಳ ಮುಗಿಸಿ, ತಮಾಷೆಯ ಭಾಗವನ್ನು ಓದಲಾರದೆ ಹಾಳೆ ಮಡಿಚಿದ. ಕೊನೆಗೆ ಅಕ್ಕ.

"ಹನ್ನೊಂದು ಸುಳ್ಳು ಚೀಟಿ ಬರೆದೆ. ಹನ್ನೆರಡನೆಯದು ಬರೆಯುವುದಿಲ್ಲ. ಮುಂದೆ ಏನು ಬರೆಯಬೇಕೋ ಗೊತ್ತಾಗಲಿಲ್ಲ."

"ನಿನಗಾ?" ಅಂದ ತಮ್ಮ. "ನಿನಗೆ ಗೊತ್ತಾಗ್ಲಿಲ್ವಾ?"

ಅವನು ನಗುತ್ತಿದ್ದಾನೋ, ಕೆಣಕುತ್ತಿದ್ದಾನೋ, ಅಳುವಿಗೆ ಬಂದಿದ್ದಾನೋ ಅಕ್ಕನಿಗೆ ಹೊಳೆಯಲಿಲ್ಲ. ಸಮಾಲೋಚಕಿಯ ಮುಖ ನೋಡಿದಳು. ಅಲ್ಲೂ ಏನೂ ಬರೆದಿರಲಿಲ್ಲ.

ತಮ್ಮ ಮೂಲೆಯ ಕಡೆ ತಿರುಗಿದ. "ಎಷ್ಟು ದಿನ?"

"ಮೊದಲು ಹತ್ತು. ಆಮೇಲೆ ನೋಡೋಣ. ಹಾಸಿಗೆ ಇವತ್ತಿಗೆ ಇದೆ."

"ಯಾವ ಮಹಡಿ?"

"ಮೂರನೇದು."

"ಲಿಫ್ಟ್ ಇದ್ಯಾ?"

"ಇದೆ. ಕೆಟ್ಟಿದೆ."

ತಮ್ಮನ ಮೂಗಿನಿಂದ ನಗೆಯಂಥದ್ದೊಂದು ಹೊರಬಿತ್ತು. ಟವೆಲನ್ನು ಕುರ್ಚಿಯ ಬೆನ್ನಿಗೆ ಹಾಕಿದ. "ಬರ್ತೀನಿ. ಆದ್ರೆ ಅಕ್ಕ ಬರೋದು ಬೇಡ. ಅಲ್ಲಿ ನನ್ನ ಕೇಳಿದ್ದಕ್ಕೆಲ್ಲ ಇವಳೇ ಉತ್ತರ ಹೇಳ್ತಾಳೆ."

ನಾನು ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ ಎನ್ನುವುದಕ್ಕೆ ಅಕ್ಕ ಬಾಯಿ ತೆರೆದಳು. ತೆರೆದದ್ದು ಎಲ್ಲರಿಗೂ ಕಾಣಿಸಿತು. ಮುಚ್ಚಿದಳು.

ನಾಲ್ವರು ಹೊರಟರು. ಮನೆಯಲ್ಲಿ ಅಮ್ಮ, ಅಕ್ಕ ಇಬ್ಬರೇ.

"ಹೋದ್ನಾ?" ಅಂದಳು ಅಮ್ಮ.

"ಹೋದ."

"ಒಳ್ಳೇದಾಯ್ತಾ?"

"ಗೊತ್ತಿಲ್ಲಮ್ಮ." ಅಮ್ಮನಿಗೆ ಈ ಉತ್ತರವನ್ನು ಅವಳು ಹಿಂದೆಂದೂ ಕೊಟ್ಟಿರಲಿಲ್ಲ. ಅಮ್ಮ ಒಳಗೆ ಹೋಗಿ ಅನ್ನಕ್ಕಿಟ್ಟಳು. ಎಷ್ಟು ಜನಕ್ಕೆ ಎಂದು ಇಬ್ಬರಿಗೂ ತಿಳಿಯಲಿಲ್ಲ.

ಮಧ್ಯಾಹ್ನ ಒಂದೂವರೆಗೆ ತಮ್ಮನ ಹೆಂಡತಿ ಆಸ್ಪತ್ರೆಯಿಂದ ಫೋನ್ ಮಾಡಿದಳು. "ಸೇರಿಸ್ಕೊಂಡ್ರು ಅಕ್ಕ. ಫಾರಂ ತುಂಬಿಸ್ತಾ ಕೇಳಿದ್ರು, ಎಷ್ಟು ವರ್ಷದಿಂದ ಅಂತ. ಇವರು ಒಂಬತ್ತು ಅಂದ್ರು."

"ಮೂರಲ್ವೇನೇ?" ಅಕ್ಕ ಎದ್ದು ನಿಂತಳು. "ಮೂರು ವರ್ಷ. ಸರಿಯಾಗಿ ಕೇಳಿಸ್ಕೊಂಡ್ಯಾ? ಅಷ್ಟು ಹಿಂದೆ ಅವನು..." ಅಷ್ಟು ಹಿಂದೆ ಅವನು ಏನು ಮಾಡುತ್ತಿದ್ದ? ಅವಳ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ. ದಿನಾ ನೋಡುತ್ತಿದ್ದಳು.

"ನಾನೂ ಮೂರು ಅಂತಲೇ ಅಂದೆ ಅಕ್ಕ. ಇವರು ಇಲ್ಲ, ಒಂಬತ್ತು ಬರ್ಕೊಳ್ಳಿ ಅಂದ್ರು. ಬರ್ಕೊಂಡ್ರು."

ತಪ್ಪು ಬರೆದಿದ್ದಾರೆ, ತಿದ್ದಿಸು ಎಂಬ ಮಾತು ಗಂಟಲವರೆಗೆ ಬಂತು. ಅಕ್ಕ ಅದನ್ನು ನುಂಗಿಕೊಂಡಳು.

"ಆಮೇಲೆ ಏನು ಕೇಳಿದ್ರು?"

"ಗೊತ್ತಿಲ್ಲ. ನನ್ನ ಹೊರಗೆ ಕೂರಿಸಿದ್ದಾರೆ. ಬಾಗಿಲು ಹಾಕಿದೆ."

"ಮಾತಾಡ್ತಿದಾನಾ?"

"ಮಾತಾಡ್ತಿದಾರೆ. ಏನು ಅಂತ ಕೇಳಿಸ್ತಿಲ್ಲ."