ತಾಜಬಿಯ ಹೋತ

ದಸ್ತಗೀರಸಾಬನಿಗೆ ಬಾಯಿ ನಿಲ್ಲುತ್ತಿರಲಿಲ್ಲ. ಎಲ್ಲದಕ್ಕೂ ಮೂಲ ಅದೇ. ಕೇಶ್ವಾಪುರದ ಚಹಾದಂಗಡಿಯಲ್ಲಿ, ದಂಡಿಗೆ ಹುಡುಗರನ್ನು ಹುಡುಕುತ್ತ ಬಂದಿದ್ದ ಸುಬೇದಾರನ ಎದುರಿಗೆ, ಹತ್ತು ಮಂದಿ ಕೇಳುವ ಹಾಗೆ, "ಬರಕೊಳ್ರಿ ಸಾಹೇಬ್ರ, ನಮ್ಮ ಶಾಬುದ್ದೀನನ್ನ ನಾ ಕೊಟ್ಟೆ" ಎಂದುಬಿಟ್ಟ. ಮಗನನ್ನು ಕೇಳಲಿಲ್ಲ. ಹೆಂಡತಿ ತಾಜಬಿಯನ್ನು ಕೇಳುವ ಮಾತಂತೂ ದೂರವೇ ಉಳಿಯಿತು. ಮನೆಗೆ ಬಂದು, ಸಂತೆಯಿಂದ ಬದನೆಕಾಯಿ ತಂದವನ ಧಾಟಿಯಲ್ಲಿ ಸುದ್ದಿ ಹೇಳಿ, ಚಹಾ ಇಡು ಅಂದ.

ನಲವತ್ತಮೂರನೆಯ ಇಸವಿ. ಬರ್ಮಾದ ಕಡೆ ಯುದ್ಧ ನಡೆದಿತ್ತು, ಇತ್ತ ಹುಬ್ಬಳ್ಳಿಯಲ್ಲಿ ಜೋಳ ರೇಷನ್ನಿಗೆ ಹತ್ತಿತ್ತು. ದಸ್ತಗೀರಸಾಬ ಹಿಂದಿನ ಲಡಾಯಿಯಲ್ಲಿ ಬಸ್ರಾಕ್ಕೆ ಹೋಗಿ, ಒಂದು ಬಿಲ್ಲೆ ಗಳಿಸಿ, ಎರಡು ಕಾಲ್ಬೆರಳು ಕಳೆದುಕೊಂಡು ಬಂದಿದ್ದ. ಈಗ ಒಂದು ಹತ್ತಿ ಕಾರ್ಖಾನೆಯಲ್ಲಿ ರಾತ್ರಿ ಪಹರೆಯ ಕೆಲಸ. ಅವನ ಜೊತೆ ಬಸ್ರಾಕ್ಕೆ ಹೋದವನು ತಾಜಬಿಯ ಅಣ್ಣ ಅಮೀನಸಾಬ. ಅವನು ತಿರುಗಿ ಬರಲಿಲ್ಲ. ಎಲ್ಲಿ ಮಣ್ಣು ಮಾಡಿದರು ಎಂದು ಕೇಳಿದರೆ ಗಂಡ ಒಂದೊಂದು ಸಲ ಒಂದೊಂದು ಊರಿನ ಹೆಸರು ಹೇಳುತ್ತಿದ್ದ. ತಾಜಬಿ ಕೇಳುವುದನ್ನೇ ಬಿಟ್ಟಿದ್ದಳು.

ಆವತ್ತು ಸಂಜೆ ಮಗನನ್ನು ಹಿತ್ತಲಿಗೆ ಕರೆದಳು. ಶಾಬುದ್ದೀನ ಓಣಿ ಓಣಿ ತಿರುಗಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವನು. ಕೈಯೆಲ್ಲ ಮಸಿ.

"ಖರೇ ಹೇಳು, ನಿನಗ ಹೋಗೂ ಮನಸ ಐತೇನು?"

"ಇಲ್ಲಮ್ಮಾ. ಕಲಾಯಿ ಕೆಲಸ ನನಗ ಚಲೋ ಹತ್ತೇತಿ. ಆದ್ರ ಅಬ್ಬಾ ಮಾತ ಕೊಟ್ಟಾರ. ನಾ ಒಲ್ಲೆ ಅಂದ್ರ ಅವ್ರು ಆ ಅಂಗಡ್ಯಾಗ ಹೆಂಗ ಕೂಡ್ತಾರ?"

ನೋಡಿ, ಇಂಥ ಮಗ. ಅಪ್ಪನ ಚಹಾದ ಕಟ್ಟೆ ಉಳಿಸುವುದಕ್ಕೆ ತಾನು ಬರ್ಮಾಕ್ಕೆ ಹೋಗಲು ತಯಾರು!

ಮರುದಿನದಿಂದ ತಾಲೀಮು ಶುರುವಾಯಿತು. ದಸ್ತಗೀರಸಾಬ ಪಹರೆ ಮುಗಿಸಿ ನಸುಕಿನಲ್ಲಿ ಬರುವವನೇ ಮಗನನ್ನು ಎಬ್ಬಿಸುತ್ತಿದ್ದ. ದಂಡ, ಬೈಠಕ್, ಆಮೇಲೆ ಉಣಕಲ್ ಕೆರೆಯವರೆಗೆ ಓಟ. ತಾನು ಕುಂಟುತ್ತ ಅರ್ಧ ದಾರಿಗೆ ಹೋಗಿ ನಿಂತು, ಅಲ್ಲಿಂದಲೇ ಬೈಯುತ್ತಿದ್ದ. ಬಂದು ಹೆಂಡತಿಗೆ ಪರೀಕ್ಷೆಯ ವಿವರ ಹೇಳಿದ.

"ಓಡಸ್ತಾರ. ಎದಿ ಅಳೀತಾರ. ಕಣ್ಣ ನೋಡ್ತಾರ. ಕಡೀಕ ತೂಕ ಮಾಡ್ತಾರ. ತೂಕ ಕಡಿಮಿ ಬಂದ್ರ ಮನಿಗೆ ಕಳಸ್ತಾರ. ಮೊಹರಂ ಮುಗದ ಮ್ಯಾಲ ಧಾರವಾಡದಾಗ ಭರ್ತಿ ಐತಿ. ಹಾಲು, ತತ್ತಿ, ನೆನಿಕಡ್ಲಿ, ಏನೂ ಕಡಿಮಿ ಮಾಡಬ್ಯಾಡ."

ತಾಜಬಿ ರೊಟ್ಟಿ ಬಡಿಯುತ್ತ ಒಂದೊಂದಾಗಿ ಯೋಚಿಸಿದಳು. ಮಗನ ಕಾಲು ಗಟ್ಟಿ, ಊರೆಲ್ಲ ನಡೆದ ಕಾಲು. ಕಲಾಯಿಯ ಕೆಂಡಕ್ಕೆ ಗಾಳಿ ಹಾಕುವ ತಿದಿ ಒತ್ತಿ ಒತ್ತಿ ಎದೆ ಅಗಲವಾಗಿತ್ತು. ಕಣ್ಣಿಗೆ ಏನೂ ಆಗಿರಲಿಲ್ಲ. ಉಳಿದದ್ದು ತೂಕ ಒಂದೇ. ಅದು ಅವಳ ಅಡುಗೆಮನೆಯಲ್ಲಿತ್ತು.

ಗಂಡನ ಊಟ ಬುತ್ತಿ ಕಟ್ಟಿ ಕಾರ್ಖಾನೆಗೆ ಹೋಗುತ್ತಿತ್ತು. ಹಗಲು ಅವನಿಗೆ ನಿದ್ದೆ. ಮಗನ ತಾಟಿನಲ್ಲಿ ಏನು ಬಿತ್ತು ಎಂದು ನೋಡುವವರು ಯಾರೂ ಇರಲಿಲ್ಲ. ಪಕ್ಕದ ಮನೆಯ ಕಸ್ತೂರೆವ್ವ ತಂದು ಹಾಕುವ ಎಮ್ಮೆಯ ಹಾಲಿಗೆ ಅರ್ಧ ನೀರು ಸೇರಿತು. ತತ್ತಿಗಳು ಗಂಡನ ಬುತ್ತಿಗೆ ಹೋದವು. ನೆನೆಸಿದ ಕಡಲೆಯಲ್ಲಿ ಒಂದು ಹಿಡಿ ಮಗನಿಗೆ, ಉಳಿದದ್ದು ಹಿತ್ತಲಲ್ಲಿ ಕಟ್ಟಿದ್ದ ಹೋತಮರಿಗೆ. ತೆಗೆದಿಟ್ಟ ಹಾಲೂ ತೌಡಿನಲ್ಲಿ ಕಲಸಿ ಅದಕ್ಕೇ. ಆ ಹೋತವನ್ನು ಅವಳು ಮೊದಲೇ ದರ್ಗಾಕ್ಕೆ ಹರಕೆ ಹೊತ್ತಿದ್ದಳು: ಮಗ ತೂಕದಲ್ಲಿ ಬಿದ್ದು ಮನೆಗೆ ಬಂದರೆ ಅದನ್ನು ಕೊಯ್ದು ಕಂದೂರಿ ಮಾಡಿ ಓಣಿಗೆಲ್ಲ ಉಣಿಸುತ್ತೇನೆ ಎಂದು.

ಹೇಳುವುದು ಸುಲಭ. ಮಾಡಬೇಕಾದದ್ದು ಮೂರು ಹೊತ್ತೂ. ಓಡಿ, ಊರು ತಿರುಗಿ, ತಿದಿ ಒತ್ತಿ ಬಂದ ಹುಡುಗ ತಾಟಿನ ಮುಂದೆ ಕೂತು ಎರಡು ರೊಟ್ಟಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಸುತ್ತಿದ್ದ.

"ಅಮ್ಮಾ, ಇನ್ನೊಂದು ರೊಟ್ಟಿ ಐತೇನು?"

"ಇಲ್ಲಪ್ಪಾ. ರೇಷನ್ ಜೋಳ ಎಲ್ಲಿ ಸಾಲ್ತೇತಿ? ಇದ್ರ ಹಾಕ್ತಿದ್ದಿಲ್ಲೇನು?"

ರೊಟ್ಟಿ ಅವಳ ಬೆನ್ನ ಹಿಂದೆಯೇ ಬುಟ್ಟಿಯಲ್ಲಿ, ಅರಿವೆಯ ಕೆಳಗೆ ಇರುತ್ತಿತ್ತು. ಹುಡುಗ ಹಟ ಮಾಡಲಿಲ್ಲ. ಒಂದು ಚೊಂಬು ನೀರು ಕುಡಿದು ಎದ್ದುಹೋದ. ಅವನು ಹೋದ ಮೇಲೆ ಆ ರೊಟ್ಟಿ ತಾನು ತಿನ್ನಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಅದೂ ಹೋತಕ್ಕೇ ಹೋಯಿತು. ಹೀಗಾಗಿ ಮಗನ ಜೊತೆ ತಾಯಿಯೂ ಬಡವಾದಳು, ಮನೆಯಲ್ಲಿ ಕೊಬ್ಬಿದವನು ಹೋತ ಒಬ್ಬನೇ.

ದಸ್ತಗೀರಸಾಬನಿಗೆ ಮೊದಲು ಕಂಡದ್ದು ಆ ಕೊಬ್ಬಿದ ಹೋತವೇ. ಒಂದು ದಿನ ನಿದ್ದೆ ಹರಿದು ಹಿತ್ತಲಿಗೆ ಬಂದರೆ, ಹೆಂಡತಿ ಬೊಗಸೆಯಲ್ಲಿ ಕಡಲೆ ಹಿಡಿದು ಹೋತದ ಮುಂದೆ ಕೂತಿದ್ದಾಳೆ!

"ಏ! ದಂಡಿಗೆ ಹೊಂಟಾಂವ ಇದೇನು? ನಾ ಬೆವರ ಸುರಿಸಿ ತಂದ ಕಡ್ಲಿ—"

ತಾಜಬಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. "ಇದು ಹರಕಿ ಹೋತ ಐತ್ರಿ. ಶಾಬೂ ಪಾಸ ಆದ್ರ ದರ್ಗಾಕ್ಕ ಕೊಡ್ತೇನಿ ಅಂತ ಬೇಡ್ಕೊಂಡೇನಿ. ಹರಕಿ ಪ್ರಾಣಿ ಹಸಕೊಂಡ ಇರಬಾರದ್ರಿ."

ಗಂಡನ ಮುಖ ಮೆತ್ತಗಾಯಿತು. ಇಷ್ಟು ದಿನ ಹೆಂಡತಿ ತನ್ನ ಮಾತಿಗೆ ವಿರುದ್ಧ ಇದ್ದಾಳೆ ಎಂದುಕೊಂಡಿದ್ದನಂತೆ. ಕಣ್ಣಲ್ಲಿ ನೀರು ತಂದುಕೊಂಡು, ಮರುದಿನ ಹೋತಕ್ಕೆಂದೇ ಬೇರೆ ಕಡಲೆ ತಂದ. ಒಂದೇ ಪ್ರಾಣಿಯ ತಲೆಯ ಮೇಲೆ ಎರಡು ಹರಕೆ ಕೂತವು, ಒಂದಕ್ಕೊಂದು ಎದುರು. ಮಗ ಪಾಸಾಗಲಿ ಬೀಳಲಿ, ಹೋತದ ಗತಿ ಮಾತ್ರ ಮುಗಿದಿತ್ತು. ತಾಜಬಿಗೆ ಅದನ್ನು ನೋಡಿದಾಗಲೆಲ್ಲ ತನ್ನ ಕುತ್ತಿಗೆಗೇ ಹಗ್ಗ ಬಿದ್ದಂತೆ ಆಗುತ್ತಿತ್ತು.

ಮಗ ಸೊರಗಿದ್ದು ಅಪ್ಪನಿಗೆ ಕಾಣಲಿಲ್ಲವೇ? ಕಂಡಿತು. "ಬೊಜ್ಜು ಕರಗಾಕತ್ತೇತಿ, ಸಿಪಾಯಿ ಹಿಂಗ ಇರಬೇಕು" ಎಂದು ಇನ್ನಷ್ಟು ಓಡಿಸಿದ. ಹುಡುಗನಿಗೆ ಬೊಜ್ಜು ಯಾವಾಗ ಇತ್ತೋ ಆ ಮಹಾರಾಯನಿಗೇ ಗೊತ್ತು. ಹುಡುಗ ಹಸಿದಿದ್ದಾನೆ ಎಂದು ಗುರುತು ಹಿಡಿದವಳು ಕಸ್ತೂರೆವ್ವ. ಒಂದು ಮುಂಜಾನೆ ಹಾಲಿನ ಚರಿಗೆ ಕೆಳಗಿಟ್ಟು, ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ತಾಜವ್ವಾ, ನಾ ಹಾಕೂ ಹಾಲು ಯಾರ ಕುಡ್ಯಾಕತ್ತಾರ? ನಿನ್ನ ಮಗನ ಮಾರಿ ನೋಡಿದ್ರ ನನ್ನ ಎಮ್ಮಿಗೆ ಮಾನ ಹೋಗತೈತಿ."

ತಾಜಬಿ ಅತ್ತುಬಿಟ್ಟಳು. ಎಲ್ಲ ಹೇಳಿದಳು. ಕಸ್ತೂರೆವ್ವ ಸೊಂಟದ ಮೇಲಿನ ಕೈ ತೆಗೆದು ಅವಳ ಪಕ್ಕದಲ್ಲಿ ಕೂತಳು.

"ತಪ್ಪೋ ಒಪ್ಪೋ ನನಗ ತಿಳೀದವ್ವಾ. ಕೂಸು ಹಸದೈತಿ, ಅಷ್ಟ ಕಾಣತೈತಿ. ಅವಗಾದ್ರೂ ಹೇಳಿಬಿಡು."

"ಹೇಳಿದ್ರ ಅವ ಅಪ್ಪನ ಮಾತ ಉಳಸಾಕ ಹೊರಗ ಎಲ್ಲ್ಯರೆ ತಿಂದ ಬರ್ತಾನ. ನನ್ನ ಮಗನ್ನ ನಾ ಅರೀನೇನು?"

ಅದೂ ಖರೆಯೇ. ಹೇಳುವ ಹಾಗಿಲ್ಲ, ಉಣಿಸುವ ಹಾಗಿಲ್ಲ, ನೋಡುತ್ತ ಇರುವ ಹಾಗೂ ಇಲ್ಲ. ಮೊಹರಂ ಹತ್ತಿರ ಬಂದಾಗ ಒಂದು ದಿನ ಹುಡುಗ ತಿದಿಯ ಮುಂದೆ ಕಣ್ಣು ಕತ್ತಲೆ ಬಂದು ಬಿದ್ದ. ಓಣಿಯವರು ಎತ್ತಿ ತಂದು ಮಲಗಿಸಿದರು. ತಾಜಬಿ ಬುಟ್ಟಿಯ ಅರಿವೆ ಎತ್ತಿ ರೊಟ್ಟಿಗೆ ಕೈ ಹಾಕಿದಳು. ಅಣ್ಣ ಅಮೀನಸಾಬ ನೆನಪಾದ. ಕೈ ಹಿಂದೆ ತೆಗೆದು, ಬೆಲ್ಲದ ನೀರು ಮಾಡಿ ಕುಡಿಸಿದಳು. ಹುಡುಗ ಅವಳ ಮುಂಗೈ ಹಿಡಿದು ನೋಡಿದ. "ಬಳಿ ಮೊಣಕೈತನಕಾ ಜಾರಾಕತ್ತಾವಲ್ಲಮ್ಮಾ" ಎಂದ. ಅವಳು ಕೈ ಬಿಡಿಸಿಕೊಂಡು ಒಲೆಯ ಕಡೆ ತಿರುಗಿದಳು.

ಭರ್ತಿಯ ದಿನ ಅಪ್ಪ ಮಗ ಮೊದಲ ಗಾಡಿಗೆ ಧಾರವಾಡಕ್ಕೆ ಹೋದರು. ತಾಜಬಿ ಒಲೆ ಹಚ್ಚಲಿಲ್ಲ. ನಮಾಜು ಮಾಡುವುದು, ಬಾಗಿಲಿಗೆ ಬರುವುದು, ಇಷ್ಟೇ ಆಯಿತು. ಸಂಜೆ ಇಬ್ಬರೂ ಓಣಿಯ ತಿರುವಿನಲ್ಲಿ ಕಂಡರು. ದಸ್ತಗೀರಸಾಬ ಹೊಸ್ತಿಲು ದಾಟುವ ಮೊದಲೇ ಕೂಗಿದ.

"ತೂಕದಾಗ ಬಿದ್ದಾ!"

ಯಾ ಅಲ್ಲಾ. ತಾಜಬಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅಷ್ಟು ತಿಂಗಳಲ್ಲಿ ಮೊದಲ ಸಲ ಅವಳಿಗೆ ಹಸಿವೆಯಾಯಿತು. ರೊಟ್ಟಿ ಮಾಡಬೇಕು, ಹಾಲು ಕಾಸಬೇಕು, ಇವತ್ತೇ ತತ್ತಿ ತರಿಸಬೇಕು ಎಂದು ಮನಸ್ಸು ಅಡುಗೆಮನೆಗೆ ಓಡಿತು.

ಆದರೆ ಗಂಡ ನಗುತ್ತಿದ್ದ. "ಪೂರಾ ಕೇಳಿಲ್ಲಿ. ಡಾಕ್ಟರ ಇವನ್ನ ಬಾಜೂಕ ನಿಂದರ್ಸಿದ, ಮನಿಗೆ ಹೋಗು ಅಂದ. ನನ್ನ ತಲಿ ನೆಲಕ್ಕ ಹತ್ತಿತು. ನಾ ಹೊಂಟೇ ಬಿಟ್ಟಿದ್ದೆ. ಇವ ಬರಲಿಲ್ಲ! ತಿರಗಿ ಹೋಗಿ ಡಾಕ್ಟರನ ಮುಂದ ನಿಂತು ಕೈ ಮುಗದು ಬೇಡ್ಕೊಂಡ, ನನ್ನ ತಗೋರಿ ಅಂತ. ಡಾಕ್ಟರ ಎದಿ ಬಡದು ನೋಡಿದ. ಎಲವು ಗಟ್ಟಿ ಅದಾವ, ದಂಡಿನ ಊಟ ಬಿದ್ರ ತುಂಬಿಕೊಳ್ತಾನ ಅಂತ ಹೇಳಿ ಬರಕೊಂಡ. ನಿನ್ನ ಹರಕಿ ಮುಟ್ಟಿತು ನೋಡು!"

ತಾಜಬಿ ಮಗನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಹಿಡಿದರೆ ಎಲುಬೇ ಕೈಗೆ ಹತ್ತಿತು.

"ಬಿಟ್ಟಿದ್ರಲ್ಲೋ! ಅಪ್ಪನ ಮಾತೂ ಉಳದಿತ್ತು, ನೀನೂ ಉಳದಿದ್ದಿ. ಯಾಕ ತಿರಗಿ ಹೋದಿ?"

ಹುಡುಗ ಕೆಳಗೆ ನೋಡಿದ. "ಮನಿಯಾಗ ಜೋಳ ಇಲ್ಲಮ್ಮಾ. ನನಗ ಎರಡು ರೊಟ್ಟಿ ಹಾಕಿ ನೀ ನೀರ ಕುಡದು ಮಲಗೂದು ನಾ ನೋಡೇನಿ. ಬುತ್ತ್ಯಾಗ ಅಬ್ಬಾಗ ಹೋದ ಮ್ಯಾಲ ಉಳಿಯೂದೇ ನನ್ನ ಪಾಲು. ನಾ ಹೋದ್ರ ಆ ಪಾಲು ನಿನಗ ಉಳೀತೈತಿ. ಅಲ್ಲೆ ನನಗ ಸರಕಾರ ಹಾಕ್ತೈತಿ."

ಬುಟ್ಟಿ ಅವನ ಕಾಲಿನ ಹತ್ತಿರವೇ ಇತ್ತು. ಅರಿವೆಯ ಕೆಳಗೆ ನಿನ್ನೆಯ ರೊಟ್ಟಿಗಳಿದ್ದವು. ತಾಜಬಿ ಅರಿವೆಯ ಕಡೆ ಕೈ ಚಾಚಿದಳು. ಏನು ಹೇಳುವುದು? ಹೇಳಿದರೆ ಬರೆದುಕೊಂಡ ಹೆಸರು ಅಳಿಸುವುದಿಲ್ಲ. ಜೊತೆಗೆ, ಹಸಿವೆಯಲ್ಲಿ ತಾಯಿ ತನ್ನನ್ನು ನೋಡುತ್ತ ಕೂತಿದ್ದಳು ಎಂಬುದನ್ನೂ ಹುಡುಗ ಬರ್ಮಾಕ್ಕೆ ಹೊತ್ತುಕೊಂಡು ಹೋಗುತ್ತಾನೆ. ಬುಟ್ಟಿಯನ್ನು ಒಲೆಯ ಹಿಂದಕ್ಕೆ ಸರಿಸಿದಳು.

ಮಗ ಹೊರಡುವ ಮುಂಚಿನ ಶುಕ್ರವಾರ ದಸ್ತಗೀರಸಾಬ ಹೋತವನ್ನು ದರ್ಗಾಕ್ಕೆ ಹೊಡೆದುಕೊಂಡು ಹೋದ. ಎಷ್ಟು ಚಲೋ ಹೋತ ಎಂದು ಎಲ್ಲರೂ ಹೊಗಳಿದರು. ಕಂದೂರಿಗೆ ಓಣಿಯೆಲ್ಲ ಬಂತು. ಮಾಂಸ ಮುಟ್ಟದ ಕಸ್ತೂರೆವ್ವ ಒಂದು ಚರಿಗೆ ಮೊಸರು ಕಳಿಸಿ, ತಾನು ಬರಲಿಲ್ಲ.

ತಾಜಬಿ ಬುಟ್ಟಿಯ ಅರಿವೆ ತೆಗೆದು ಬದಿಗಿಟ್ಟು, ಮಗನಿಗೆ ರೊಟ್ಟಿಯ ಮೇಲೆ ರೊಟ್ಟಿ ಹಾಕಿದಳು. ಶಾಬುದ್ದೀನ ತಲೆ ಎತ್ತದೆ ಉಂಡ. ಬೆರಳು ನೆಕ್ಕಿಕೊಂಡ. ಅವಳು ಮತ್ತೊಂದು ತೆಗೆದಾಗ ಕೈ ಅಡ್ಡ ಹಿಡಿದ.

"ಸಾಕಮ್ಮಾ, ಹೊಟ್ಟಿ ತುಂಬೇತಿ. ಇನ್ನ ನೀ ಕೂಡು."

"ನಾ ಆಮ್ಯಾಲ ಉಣ್ತೇನಪ್ಪಾ."

"ಬ್ಯಾಡ, ಈಗ. ನೀ ಉಂಡಿದ್ದು ಒಮ್ಮೆ ಕಣ್ಣೀಲೆ ನೋಡಿ ಹೋಗ್ತೇನಿ."

ಅವನೇ ಅವಳ ತಾಟಿಗೆ ರೊಟ್ಟಿ ಹಾಕಿ, ಹೋತದ ಮಾಂಸ ಬಡಿಸಿ, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ. ತಾಜಬಿ ತುತ್ತು ಮುರಿದು ಬಾಯಿಗಿಟ್ಟಳು. ಅವಳು ನುಂಗುವವರೆಗೂ ಮಗ ಕಣ್ಣು ತೆಗೆಯಲಿಲ್ಲ. ಆಮೇಲೆ ನಕ್ಕು, ಇನ್ನೊಂದು ರೊಟ್ಟಿ ಹಾಕಿದ.